ಬಲಿಪ ನಾರಾಯಣ ಭಾಗವತರ ಗಾಯನಮಾರ್ಗ: ಒಂದು ವಿಮರ್ಶೆ

೧

ಯಕ್ಷಗಾನದ ವಿಷಯವಾಗಿ ಕನ್ನಡದಲ್ಲಿ ಇದುವರೆಗೆ ನಡೆದಿರುವ ವ್ಯಾಸಂಗವನ್ನು ಅವಲೋಕಿಸಿದರೆ, ಪ್ರಸಂಗಸಾಹಿತ್ಯ, ಕವಿಗಳ ಕಾಲನಿರ್ಣಯ, ವೇಷಭೂಷಣ, ನೃತ್ಯ ಇವುಗಳಿಗೆ ದೊರೆತಷ್ಟು ಗಮನವು ಭಾಗವತನ ಕಂಠಕ್ಕೆ ದೊರೆತಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಪಾರ್ತಿಸುಬ್ಬನ ವಿಷಯದಲ್ಲಿ ಮುಳಿಯ ತಿಮ್ಮಪ್ಪಯ್ಯನವರಿಗೂ ಶಿವರಾಮ ಕಾರಂತರಿಗೂ ಇದ್ದ ಭಿನ್ನಾಭಿಪ್ರಾಯವನ್ನು ವಿದ್ವಾಂಸರೆಲ್ಲರೂ ಬಲ್ಲರು. ಆದರೆ ಆ ಕವಿಯ ಪದ್ಯಗಳನ್ನು ತಲೆಮಾರುಗಳ ಕಾಲ ಹಾಡಿಕೊಂಡು ಬಂದವರು ಹೇಗೆ ಹಾಡಿದರು, ಯಾವ ಶ್ರುತಿಯಲ್ಲಿ ಹಾಡಿದರು, ಪದ್ಯದ ಎತ್ತುಗಡೆಯನ್ನು ಹೇಗೆ ಮಾಡಿದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ೧೯೫೯ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಕಾರಂತರ ‘ಯಕ್ಷಗಾನ ಬಯಲಾಟ’ವು ಈ ಮಾತಿಗೆ ಗಣ್ಯವಾದ ಅಪವಾದ. ಯಕ್ಷಗಾನದ ರಾಗಗಳು ಕರ್ನಾಟಕ ಸಂಗೀತದ ಕೆಟ್ಟ ಅನುಕರಣಗಳಲ್ಲ, ಅವಕ್ಕೆ ಸ್ವಂತ ಸ್ವರೂಪವುಂಟು ಎಂಬ ವಿಚಾರವನ್ನು ಅವರು ಆಗ್ರಹಪೂರ್ವಕವಾಗಿ ಮುಂದಿಟ್ಟರು. ಆ ವಿಚಾರಕ್ಕೆ ಪ್ರಮಾಣವನ್ನು ಗ್ರಂಥಗಳಲ್ಲಿ ಹುಡುಕಿ ಪ್ರಯೋಜನವಿಲ್ಲ; ಹಾಡುವವರ ಕೊರಳಿನಲ್ಲಿಯೇ ಹುಡುಕಬೇಕು.

ಅಂಥ ಕೊರಳುಗಳಲ್ಲಿ ಒಂದು ೨೦೨೩ರ ಫೆಬ್ರವರಿ ೧೬ರಂದು ಮೌನವಾಯಿತು. ತೆಂಕುತಿಟ್ಟಿನ ಹಿರಿಯ ಭಾಗವತರಾದ ಬಲಿಪ ನಾರಾಯಣ ಭಾಗವತರು ಅಂದು ಮೂಡುಬಿದಿರೆಯ ಬಳಿಯ ಮಾರೂರಿನಲ್ಲಿ ತೀರಿಕೊಂಡರು. ಪ್ರಸ್ತುತ ಲೇಖನದಲ್ಲಿ ಅವರ ಗಾಯನಜೀವನವನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಇದು ಚರಮಶ್ಲೋಕವಲ್ಲ. ‘ಬಲಿಪ ಶೈಲಿ’ ಎಂಬ ಮಾತು ಕರಾವಳಿಯಲ್ಲಿ ಎಲ್ಲರ ಬಾಯಲ್ಲಿದೆ. ಆ ಮಾತಿನ ಅರ್ಥವೇನು, ಅದನ್ನು ‘ಪ್ರಾಚೀನ’ವೆಂದು ಕರೆಯುವುದು ಎಷ್ಟರ ಮಟ್ಟಿಗೆ ಸಾಧು, ಅದು ಹೋದರೆ ಹೋಗುವುದೇನು ಎಂಬುವನ್ನು ನಿರ್ಣಯಿಸಬೇಕಾಗಿದೆ.

೨

ಬಲಿಪ ನಾರಾಯಣ ಭಾಗವತರು ಜನಿಸಿದ್ದು ೧೯೩೮ರಲ್ಲಿ, ಕಾಸರಗೋಡು ಸೀಮೆಯ ಪಡ್ರೆಯಲ್ಲಿ. ಪಾರ್ತಿಸುಬ್ಬನ ಹೆಸರಿನೊಡನೆ ಹೆಣೆದುಕೊಂಡಿರುವ ಕುಂಬಳೆಯೂ ಇದೇ ಸೀಮೆಯದು. ಅಜ್ಜನ ಹೆಸರೂ ಬಲಿಪ ನಾರಾಯಣ ಭಾಗವತರೆಂದೇ. ಅವರೂ ತಮ್ಮ ಕಾಲದ ತೆಂಕುತಿಟ್ಟಿನಲ್ಲಿ ಹೆಸರುವಾಸಿಯಾದ ಭಾಗವತರು. ಆದಕಾರಣ ಜನರು ಇವರನ್ನು ಕಿರಿಯ ಬಲಿಪರೆಂದೂ ಅವರನ್ನು ಹಿರಿಯ ಬಲಿಪರೆಂದೂ ಕರೆಯುವುದು ರೂಢಿ. ಕಿರಿಯರು ವಿದ್ಯೆಯನ್ನು ಪಡೆದದ್ದು ಅಜ್ಜನ ಬಳಿಯಲ್ಲಿ, ಮನೆಯಲ್ಲಿ ಮತ್ತು ರಂಗದಲ್ಲಿ. ಹದಿಹರೆಯದಲ್ಲಿಯೇ ಜಾಗಟೆಯನ್ನು ಕೈಗೆ ತೆಗೆದುಕೊಂಡ ಅವರು ಅನಂತರ ದಶಕಗಳ ಕಾಲ ಕಟೀಲು ಶ್ರೀ ದುರ್ಗಾಪರಮೇಶ್ವರೀ ದೇವಸ್ಥಾನದ ಮೇಳದಲ್ಲಿ ಭಾಗವತರಾಗಿ ನಿಂತರು. ಐದು ರಾತ್ರಿಗಳಲ್ಲಿ ಆಡತಕ್ಕ ‘ದೇವೀಮಹಾತ್ಮೆ’ಯನ್ನೊಳಗೊಂಡು ಹಲವು ಪ್ರಸಂಗಗಳನ್ನು ರಚಿಸಿದರು. ಜೀವನವೃತ್ತಾಂತವೆಂದು ಇಷ್ಟು ಸಾಕು. ಭಾಗವತನ ನಿಜವಾದ ಜೀವನವೃತ್ತಾಂತವು ಅವನು ಎಚ್ಚರವಾಗಿದ್ದ ರಾತ್ರಿಗಳಲ್ಲಿದೆ.

ಆ ರಾತ್ರಿಗಳ ಸ್ವರೂಪವನ್ನು ಕರಾವಳಿಯ ಹೊರಗಿನ ವಾಚಕರಿಗಾಗಿ ಸ್ವಲ್ಪ ವಿವರಿಸಬೇಕು. ಮೇಳದ ತಿರುಗಾಟವು ಮಳೆಗಾಲ ಕಳೆದ ಮೇಲೆ ಆರಂಭವಾಗಿ ಪತ್ತನಾಜೆಗೆ, ಎಂದರೆ ಮೇ ತಿಂಗಳ ಕೊನೆಯ ಭಾಗಕ್ಕೆ, ಮುಗಿಯುತ್ತದೆ. ಈ ಆರು ತಿಂಗಳು ದಿನಕ್ಕೊಂದು ಊರು, ದಿನಕ್ಕೊಂದು ಆಟ. ಸಾಂಪ್ರದಾಯಿಕ ಕ್ರಮದಲ್ಲಿ ರಾತ್ರಿಯ ಮೊದಲ ಭಾಗವನ್ನು ಕಿರಿಯನಾದ ಸಂಗೀತಗಾರನು ನಡೆಸುತ್ತಾನೆ. ಅನಂತರ ಪ್ರಧಾನ ಭಾಗವತನು ಬಂದು ಬೆಳಗಿನ ತನಕ ಹಾಡುತ್ತಾನೆ. ಅವನು ಗಾಯಕನಷ್ಟೇ ಅಲ್ಲ. ಜಾಗಟೆಯ ಪೆಟ್ಟಿನಿಂದ ಚೆಂಡೆಮದ್ದಳೆಗಳನ್ನು ನಡೆಸುವವನೂ, ವೇಷಧಾರಿಯ ಪ್ರವೇಶ ನಿರ್ಗಮನಗಳನ್ನು ನಿರ್ಣಯಿಸುವವನೂ, ಮಾತು ಎಲ್ಲಿ ನಿಲ್ಲಬೇಕು, ಪದ್ಯ ಎಲ್ಲಿ ಏಳಬೇಕು ಎಂಬುದನ್ನು ತೀರ್ಮಾನಿಸುವವನೂ ಅವನೇ. ಮೊದಲ ವೇಷಧಾರಿ ಭಾಗವತನೆಂಬ ನಾಣ್ಣುಡಿಯ ಮಾತು ಇದರಿಂದಲೇ ಹುಟ್ಟಿದ್ದು. ಬಲಿಪರ ಗಾಯನವನ್ನು ಸಂಗೀತಸಭೆಯ ಅಳತೆಗೋಲಿನಿಂದ ಅಳೆಯುವವರು ಇದನ್ನು ಮರೆಯುತ್ತಾರೆ. ಅವರ ಪದ್ಯಗಳಿಗೆ ಸ್ವತಂತ್ರ ಜೀವವಿಲ್ಲ; ರಂಗದ ಮೇಲೆ ಒಬ್ಬನು ಕುಣಿಯುತ್ತಿರುವಾಗ, ಇನ್ನೊಬ್ಬನು ಉತ್ತರ ಕೊಡಲು ಕಾದಿರುವಾಗ ಮಾತ್ರ ಅವು ಪೂರ್ಣವಾಗುತ್ತವೆ.

೩

ಈಗ ಶೈಲಿಯ ಲಕ್ಷಣಗಳನ್ನು ನೋಡೋಣ. ಬಲಿಪರ ಹಾಡುಗಾರಿಕೆಯಲ್ಲಿ ಕೇಳುವವರ ಕಿವಿಗೆ ಮೊದಲು ತಾಗುವುದು ಅವರ ಏರು ಶ್ರುತಿ. ಕಂಠವನ್ನು ಸಂಕೋಚಗೊಳಿಸದೆ, ಬಾಯಿತೆರೆದು, ಎದೆಯ ಬಲದಿಂದ ಎತ್ತಿದ ಧ್ವನಿ ಅದು. ನಯವಾದ ಧ್ವನಿಯೆಂದು ಅದನ್ನು ಯಾರೂ ಹೊಗಳಲಾರರು. ಅದರಲ್ಲಿ ಒಂದು ಬಗೆಯ ಗಡಸು, ಒಂದು ಬಗೆಯ ಅಂಚು ಇದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊಯ್ಲಾದ ಗದ್ದೆಯ ಕೊನೆಯ ಅಂಚಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಸಾಹಿತ್ಯ ಕೇಳಿಸಬೇಕಾಗಿತ್ತು; ಚೆಂಡೆಯ ಅಬ್ಬರವನ್ನು ದಾಟಿ ಅಕ್ಷರ ಹೋಗಬೇಕಾಗಿತ್ತು. ಆ ಅವಶ್ಯಕತೆಯಿಂದ ರೂಪುಗೊಂಡ ಧ್ವನಿ ಇದು. ಕಾರ್ಕಳ, ಕಾಪು ಕಡೆಯ ಬಯಲುಗಳಲ್ಲಿ ಇಂಥ ಆಟಗಳನ್ನು ನೋಡಿದವರಿಗೆ ಇದರ ಔಚಿತ್ಯವು ಕೂಡಲೆ ತಿಳಿಯುತ್ತದೆ.

ಎರಡನೆಯದು ಸಾಹಿತ್ಯದ ಸ್ಪಷ್ಟತೆ. ಅವರು ಪದಗಳನ್ನು ಮುರಿಯುವುದಿಲ್ಲ. ಆಲಾಪನೆಯು ಪದ್ಯದ ರಾಗವನ್ನು ಸೂಚಿಸುವಷ್ಟಕ್ಕೆ ಮಾತ್ರ ಬಂದು ನಿಲ್ಲುತ್ತದೆ. ಪದ್ಯದ ನಡುವೆ ಕೇಳುವವರ ಚಪ್ಪಾಳೆಗಾಗಿ ಸ್ವರವನ್ನು ಎಳೆಯುವ ಅಭ್ಯಾಸ ಅವರಲ್ಲಿ ಕಾಣದು. ಒಂದೇ ಪಾದವನ್ನು ಪುನರಾವರ್ತಿಸುವಾಗಲೂ ಅದಕ್ಕೆ ಕಾರಣವು ವೇಷಧಾರಿಯ ಅಭಿನಯವೇ ಆಗಿರುತ್ತದೆ.

ಮೂರನೆಯದು ಮತ್ತು ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದುದು ‘ಮಟ್ಟು’. ಅಚ್ಚಾದ ಪ್ರಸಂಗಪುಸ್ತಕಗಳಲ್ಲಿ ಪ್ರತಿಯೊಂದು ಪದ್ಯದ ನೆತ್ತಿಯಲ್ಲಿ ಭೈರವಿ ಜಂಪೆ, ಸೌರಾಷ್ಟ್ರ ತ್ರಿವುಡೆ, ಮಾರವಿ ಏಕ ಎಂಬಂತೆ ರಾಗತಾಳಗಳ ಹೆಸರಿರುತ್ತದೆ. ಸಂಗೀತಶಿಕ್ಷಣ ಪಡೆದು ಬಂದ ಹೊಸ ಭಾಗವತನು ‘ಭೈರವಿ’ ಎಂದು ಓದಿದೊಡನೆ ತಾನು ಕಲಿತ ಕರ್ನಾಟಕ ಸಂಗೀತದ ಭೈರವಿಯನ್ನು ಹಾಡುತ್ತಾನೆ. ಹಳೆಯ ಕ್ರಮವನ್ನು ಬಲ್ಲವನಿಗೆ ಆ ಎರಡು ಹೆಸರುಗಳು ಕೂಡಿಯೇ ಒಂದು ಸೂಚನೆ: ಈ ಛಂದಸ್ಸಿನ, ಈ ತಾಳದ ಪದ್ಯಕ್ಕೆ ಹಿಂದಿನಿಂದ ಬಂದ ಇಂಥದೊಂದು ಧಾಟಿಯುಂಟು ಎಂಬುದು ಅದರ ಅರ್ಥ. ಜಂಪೆಯ ಪದ್ಯವು ಐದು ಮಾತ್ರೆಗಳ ಗಣದಲ್ಲಿ ನಡೆಯುತ್ತದೆ. ತ್ರಿವುಡೆಯದು ಮೂರು ನಾಲ್ಕರ ಗಣದಲ್ಲಿ. ಏಕತಾಳದ್ದು ನಾಲ್ಕರ ಗಣದಲ್ಲಿ. ಮಟ್ಟು ಈ ಗಣಗಳ ಮೇಲೆಯೇ ಹೊಂದಿಕೊಂಡು ಕುಳಿತಿರುತ್ತದೆ. ಆದುದರಿಂದ ಮಟ್ಟು ಬಲ್ಲ ಭಾಗವತನಲ್ಲಿ ರಾಗವು ಛಂದಸ್ಸನ್ನು ಕೆಡಿಸುವುದಿಲ್ಲ. ಛಂದಸ್ಸು ಕುಣಿತವನ್ನು ಕೆಡಿಸುವುದಿಲ್ಲ. ರಾಗದ ಹೆಸರೊಂದನ್ನೇ ಹಿಡಿದು ಹೋದವನು ಸಂಗೀತವನ್ನು ಹೆಚ್ಚಿಸಿಯೂ ಆಟವನ್ನು ಸಡಿಲಗೊಳಿಸುವುದುಂಟು. ಘಂಟಾರವ, ಮಾರವಿ, ಗೋಪನೀತೆ ಮೊದಲಾದ ಹೆಸರುಗಳ ಹಿಂದೆ ಇರುವ ಧಾಟಿಗಳು ಪುಸ್ತಕದಿಂದ ಎಂದಿಗೂ ತಿಳಿಯತಕ್ಕವಲ್ಲ. ಬಲಿಪರ ಕಂಠದಲ್ಲಿ ಉಳಿದಿದ್ದ ಸಂಪತ್ತು ಮುಖ್ಯವಾಗಿ ಇದೇ. ಪ್ರಸಂಗಗಳನ್ನು ಪುಸ್ತಕದ ಹಂಗಿಲ್ಲದೆ ನಡೆಸಬಲ್ಲ ಅವರ ಸ್ಮರಣಶಕ್ತಿಯನ್ನು ಜನರು ಕೊಂಡಾಡುತ್ತಾರೆ. ಆದರೆ ಸಾವಿರಾರು ಪದ್ಯಗಳ ನೆನಪಿಗಿಂತಲೂ, ಆ ಪದ್ಯಗಳಲ್ಲಿ ಯಾವುದಕ್ಕೆ ಯಾವ ಮಟ್ಟು ಎಂಬ ನೆನಪೇ ಹೆಚ್ಚು ಬೆಲೆಯುಳ್ಳದ್ದು.

ಭಾಮಿನಿ, ವಾರ್ಧಕ, ಕಂದ ಮೊದಲಾದುವನ್ನು ತಾಳವಿಲ್ಲದೆ ಹಾಡುವ ಸಂಪ್ರದಾಯವಷ್ಟೆ. ಹಾಡುಗಾರನಿಗೆ ಸ್ವಾತಂತ್ರ್ಯ ಹೆಚ್ಚಾಗಿರುವುದು ಇಲ್ಲಿಯೇ, ಪ್ರಲೋಭನವೂ ಇಲ್ಲಿಯೇ. ಬಲಿಪರು ಇಂಥ ಸ್ಥಳಗಳನ್ನು ಕಥೆಯ ತಿರುವುಗಳೆಂದು ಬಗೆದರು. ಯುದ್ಧಕ್ಕೆ ಮೊದಲು ಬರುವ ವಾರ್ಧಕವು ಅವರಲ್ಲಿ ಶೀಘ್ರವಾಗಿ, ನೇರವಾಗಿ, ಒಂದು ವಾರ್ತೆಯಂತೆ ಸಾಗುತ್ತದೆ. ಕೇಳುವವನು ರಾಗವನ್ನು ಗುರುತಿಸುವ ಮೊದಲೇ ಸುದ್ದಿಯನ್ನು ಗ್ರಹಿಸಿರುತ್ತಾನೆ.

೪

ಇಲ್ಲಿ ಒಂದು ಹೋಲಿಕೆಯನ್ನು ಪರಿಶೀಲಿಸುವುದು ಉಪಯುಕ್ತವಾದೀತು. ಯುರೋಪಿನಲ್ಲಿ ಸುಮಾರು ೧೬೦೦ರಿಂದ ೧೭೫೦ರವರೆಗಿನ ಸಂಗೀತಕ್ಕೆ ಬರೋಕ್ ಎಂದು ಹೆಸರು. ೧೬೦೭ರಲ್ಲಿ ಮಾಂಟುವಾದಲ್ಲಿ ಪ್ರದರ್ಶಿತವಾದ ಮಾಂಟೆವರ್ಡಿಯ ‘ಓರ್ಫೆಯೊ’ ಗೇಯನಾಟಕದಲ್ಲಿ ಕಥೆಯು ಅರ್ಧ ಮಾತು, ಅರ್ಧ ಹಾಡು ಎನ್ನಬಹುದಾದ ಗಾಯನದಿಂದ ಸಾಗುತ್ತದೆ. ಕೆಳಸ್ವರದ ವಾದ್ಯವು ಜೊತೆಗಿರುತ್ತದೆ, ಮಾತಿನ ಲಯವೇ ಹಾಡಿನ ಲಯ. ಹ್ಯಾಂಡೆಲನ ಕಾಲಕ್ಕೆ (೧೬೮೫-೧೭೫೯) ಇದರೊಡನೆ ದೀರ್ಘವಾದ ಗೀತೆಗಳು ಬೆಳೆದವು. ಗೀತೆಯ ಮೊದಲ ಭಾಗ ಮರಳಿ ಬಂದಾಗ ಗಾಯಕನು ಅದನ್ನು ತನ್ನ ಕಲ್ಪನೆಯಿಂದ ಅಲಂಕರಿಸಬೇಕಾಗಿತ್ತು. ಈ ಗಾಯನವು ಅನಂತರ ಬಳಕೆ ತಪ್ಪಿತು. ಕಳೆದ ಶತಮಾನದಲ್ಲಿ ಅದನ್ನು ಪುನಃ ಕಟ್ಟಬೇಕಾಯಿತು. ಇಂಗ್ಲೆಂಡಿನ ಆಲ್ಫ್ರೆಡ್ ಡೆಲ್ಲರ್ (೧೯೧೨-೧೯೭೯) ಪುರುಷಕಂಠದ ಏರುಸ್ಥಾಯಿಯ ಗಾಯನಕ್ಕೆ ಮರಳಿ ಮಾನ್ಯತೆ ತಂದರು; ವಿಯೆನ್ನಾದಲ್ಲಿ ೧೯೫೩ರಲ್ಲಿ ಹಾರ್ನೊನ್‌ಕೋರ್ಟ್ ಹಳೆಯ ವಾದ್ಯಗಳ ಮೇಳವನ್ನು ಸ್ಥಾಪಿಸಿದರು. ಇಂದು ಅದೇ ಗಾಯನಕ್ಕೆ ಜೀವನವನ್ನು ಮುಡಿಪಾಗಿಟ್ಟ ಗಾಯಕರು ಅನೇಕರಿದ್ದಾರೆ. ಅವರ ಆಧಾರ ಹಳೆಯ ಲಕ್ಷಣಗ್ರಂಥಗಳು, ಹಸ್ತಪ್ರತಿಗಳು, ಉಳಿದುಬಂದ ವಾದ್ಯಗಳು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದ ಸರಪಳಿ ಮಾತ್ರ ಅವರಿಗಿಲ್ಲ. ಅದು ನಡುವೆ ಕಡಿದುಹೋಗಿತ್ತು.

ನಮ್ಮಲ್ಲಿ ಸ್ಥಿತಿ ತಿರುಗುಮುರುಗಾಗಿದೆ. ಗಾಯನದ ಲಕ್ಷಣಗ್ರಂಥಗಳು ನಮಗಿಲ್ಲ, ಸ್ವರಲಿಪಿಯ ಹಸ್ತಪ್ರತಿಗಳಿಲ್ಲ, ಆದರೆ ಹಿರಿಯ ಬಲಿಪರಿಂದ ಕಿರಿಯ ಬಲಿಪರಿಗೆ ಬಂದಂಥ ಕೊರಳಿನ ಸರಪಳಿಯು ಕಡಿಯದೆ ಉಳಿದಿತ್ತು. ಯುರೋಪಿನವರು ಯಾವುದನ್ನು ಕಳೆದುಕೊಂಡು ಮೂರು ತಲೆಮಾರು ಶ್ರಮಪಟ್ಟರೋ ಅದು ನಮ್ಮ ಅಂಗಳದಲ್ಲಿ ಪ್ರತಿ ರಾತ್ರಿಯೂ ಪುಕ್ಕಟೆಯಾಗಿ ದೊರೆಯುತ್ತಿತ್ತು. ಅದರಿಂದಲೇ ಅದಕ್ಕೆ ಬೆಲೆ ಕಟ್ಟುವುದು ನಮಗೆ ತಡವಾಯಿತು.

ಆದರೆ ಆ ಕಡೆಯ ಅನುಭವದಿಂದ ಕಲಿಯತಕ್ಕ ಎಚ್ಚರಿಕೆಯೊಂದಿದೆ. ಬರೋಕ್ ಸಂಗೀತವನ್ನು ಇಂದು ಸಾಮಾನ್ಯವಾಗಿ ಈಗಿನ ಶ್ರುತಿಗಿಂತ ಸುಮಾರು ಅರ್ಧ ಸ್ವರ ಕೆಳಗೆ ಹಾಡುವುದು ಪದ್ಧತಿ. ಹಳೆಯ ಕಾಲದಲ್ಲಿ ಎಲ್ಲೆಡೆಯೂ ಹೀಗೆಯೇ ಇತ್ತೆಂದು ಭಾವಿಸಿದರೆ ತಪ್ಪಾಗುತ್ತದೆ; ಆಗ ಊರಿಂದೂರಿಗೆ ಶ್ರುತಿ ಬೇರೆಯಾಗಿತ್ತು. ಈ ಏಕರೂಪತೆ ಇಂದಿನವರು ಅನುಕೂಲಕ್ಕಾಗಿ ಮಾಡಿಕೊಂಡ ಒಪ್ಪಂದ. ‘ಪ್ರಾಚೀನ’ವೆಂದು ನಾವು ಗೌರವಿಸುವ ಎಷ್ಟೋ ಸಂಗತಿಗಳು ಹೀಗೆ ನಮ್ಮ ಕಾಲದ ಸೃಷ್ಟಿಗಳೇ ಆಗಿರಬಹುದು. ಇದೇ ಪ್ರಶ್ನೆಯನ್ನು ಬಲಿಪ ಶೈಲಿಗೂ ಕೇಳದಿದ್ದರೆ ನಮ್ಮ ವಿಮರ್ಶೆ ಅಪೂರ್ಣವಾಗುತ್ತದೆ.

೫

ಬಲಿಪ ಶೈಲಿಯೇ ತೆಂಕುತಿಟ್ಟಿನ ಮೂಲಶೈಲಿಯೆ? ಹಾಗೆಂದು ಹೇಳುವ ಅಭಿಮಾನಿಗಳು ಬಹಳ. ನಾವು ಇದನ್ನು ಪೂರ್ಣವಾಗಿ ಒಪ್ಪಲಾರೆವು. ಅದಕ್ಕೆ ಕಾರಣಗಳು ಎರಡು. ಒಂದನೆಯದಾಗಿ, ಈ ಮಾರ್ಗದ ಮೇಲೆ ಹಿರಿಯ ಬಲಿಪರ ವ್ಯಕ್ತಿಮುದ್ರೆ ಬಿದ್ದಿದೆ. ಒಬ್ಬ ಸಮರ್ಥ ಕಲಾವಿದನು ತಾನು ಪಡೆದುದನ್ನು ಪಡೆದಂತೆಯೇ ಮುಂದಕ್ಕೆ ದಾಟಿಸುತ್ತಾನೆಂದು ನಂಬುವುದು ಕಷ್ಟ. ಎರಡನೆಯದಾಗಿ, ಅದೇ ಕಾಲದ, ಅದೇ ತಿಟ್ಟಿನ ಅಗರಿ ಶ್ರೀನಿವಾಸ ಭಾಗವತರ ಮಾರ್ಗವು ಇದಕ್ಕಿಂತ ಭಿನ್ನವಾದುದು. ಅದನ್ನು ಅಗರಿ ಶೈಲಿಯೆಂದೇ ಜನರು ಪ್ರತ್ಯೇಕವಾಗಿ ಹೆಸರಿಸುತ್ತಾರೆ. ಒಂದೇ ತಿಟ್ಟಿನಲ್ಲಿ ಎರಡು ಹಳೆಯ ಮಾರ್ಗಗಳು ಇರುವಾಗ ಒಂದನ್ನು ಮಾತ್ರ ಮೂಲವೆನ್ನುವುದು ನ್ಯಾಯವಲ್ಲ. ಆದುದರಿಂದ ಬಲಿಪ ಶೈಲಿಯನ್ನು ‘ಹಳೆಯ ಮಟ್ಟುಗಳ ಮೇಲೆ ನಿಂತ, ಒಂದು ಮನೆತನದಲ್ಲಿ ಪರಿಷ್ಕೃತವಾದ ಮಾರ್ಗ’ ಎಂದು ಕರೆಯುವುದು ಯುಕ್ತ. ಇದರಿಂದ ಅದರ ಗೌರವಕ್ಕೆ ಕುಂದಿಲ್ಲ. ಘರಾನೆಗಳ ವಿಷಯದಲ್ಲಿ ಹಿಂದುಸ್ತಾನಿ ಸಂಗೀತಗಾರರು ಒಪ್ಪುವ ಮಾತನ್ನೇ ನಾವು ಇಲ್ಲಿ ಒಪ್ಪಬೇಕಾಗಿದೆ.

ಹಾಗಾದರೆ ಈ ಮಾರ್ಗವು ಇಷ್ಟು ಕಾಲ ಹೇಗೆ ಬಾಳಿತು? ಸುತ್ತಲೂ ಗಾಳಿ ಬೇರೆ ದಿಕ್ಕಿನಿಂದ ಬೀಸುತ್ತಿತ್ತು. ತೆಂಕಿನಲ್ಲಿ ದಾಮೋದರ ಮಂಡೆಚ್ಚರು ಹಿಂದುಸ್ತಾನಿ ರಾಗಗಳ ಛಾಯೆಯನ್ನು ತಂದು ಜನಮನ್ನಣೆ ಪಡೆದರು. ಬಡಗಿನಲ್ಲಿ ಗುಂಡ್ಮಿ ಕಾಳಿಂಗ ನಾವಡರು (೧೯೫೮-೧೯೯೦) ತಮ್ಮ ಅಲ್ಪಾಯುಷ್ಯದಲ್ಲಿಯೇ ಭಾಗವತಿಕೆಯನ್ನು ಜನರ ಆಕರ್ಷಣೆಯ ಕೇಂದ್ರವನ್ನಾಗಿ ಮಾಡಿದರು. ಡೇರೆಯ ಮೇಳಗಳಲ್ಲಿ ಟಿಕೇಟು ಕೊಂಡು ಬಂದ ಪ್ರೇಕ್ಷಕನು ಹೊಸ ಪ್ರಸಂಗ, ಹೊಸ ರಾಗಗಳನ್ನು ಬಯಸಿದನು. ಇವರ ಸಾಧನೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಯಕ್ಷಗಾನಕ್ಕೆ ಹೊಸ ಕೇಳುಗರನ್ನು ತಂದವರು ಅವರೇ. ಬಲಿಪರು ಆ ಗಾಳಿಗೆ ಮಣಿಯದಿದ್ದುದಕ್ಕೆ ಅವರ ಸ್ವಭಾವದ ದಾರ್ಢ್ಯವು ಕಾರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ನಿಜವಾದರೂ ಅಷ್ಟೇ ಕಾರಣವಲ್ಲ. ಕಟೀಲಿನದು ಹರಕೆಯ ಮೇಳ. ಅಲ್ಲಿ ಆಟವನ್ನು ಆಡಿಸುವವನು ದೇವಿಗೆ ಹರಕೆ ಹೊತ್ತ ಗೃಹಸ್ಥ, ನೋಡುವವನಿಗೆ ಟಿಕೇಟಿಲ್ಲ. ಗಲ್ಲಾಪೆಟ್ಟಿಗೆಯ ಒತ್ತಡವಿಲ್ಲದ ಕಡೆ ಪುರಾಣಪ್ರಸಂಗಗಳು ಉಳಿದುವು. ಪುರಾಣಪ್ರಸಂಗಗಳೊಡನೆ ಅವುಗಳ ಮಟ್ಟುಗಳೂ ಉಳಿದುವು. ಕಲಾವಿದನ ನಿಷ್ಠೆ, ಅವನಿಗೆ ಅನ್ನವಿಟ್ಟ ಸಂಸ್ಥೆಯ ಸ್ವರೂಪ ಇವೆರಡನ್ನೂ ಜೊತೆಗೂಡಿಸಿ ನೋಡಿದಲ್ಲದೆ ಶೈಲಿಯ ಚರಿತ್ರೆ ತಿಳಿಯದು.

ಈ ಗಾಯನದ ಮಿತಿಗಳನ್ನೂ ಹೇಳಬೇಕು. ಒಂದೇ ಏರುಶ್ರುತಿಯಲ್ಲಿ ಸಾಗುವ ಹಾಡುಗಾರಿಕೆಯು ವೀರ ರೌದ್ರಗಳಿಗೆ ಒಪ್ಪಿದಷ್ಟು ಶೃಂಗಾರಕ್ಕೂ ಶೋಕಕ್ಕೂ ಒಪ್ಪುವುದೆಂದು ಹೇಳಲಾರೆವು. ದಮಯಂತಿಯ ಅಳಲಿನಂಥ ಸನ್ನಿವೇಶದಲ್ಲಿ ಮಂದ್ರಕ್ಕಿಳಿಯುವ ಕಂಠವನ್ನು ಕಿವಿ ಬಯಸುತ್ತದೆ. ಅಲ್ಲಿ ಬಲಿಪರು ಭಾವವನ್ನು ಗತಿಯ ನಿಧಾನದಿಂದ ಸಾಧಿಸುತ್ತಾರೆ, ಧ್ವನಿಯ ಬಣ್ಣದಿಂದಲ್ಲ. ಅಭ್ಯಾಸವಿಲ್ಲದ ಕೇಳುಗನಿಗೆ ಪದ್ಯಗಳು ಒಂದರಂತೊಂದು ಕೇಳಿಸುವುದೂ ಉಂಟು. ಇನ್ನೊಂದು ಮಾತು: ಧ್ವನಿವರ್ಧಕವಿಲ್ಲದ ಕಾಲಕ್ಕಾಗಿ ರೂಪುಗೊಂಡ ಈ ಧ್ವನಿಯು ತನ್ನ ಆಯುಷ್ಯದ ಹೆಚ್ಚಿನ ಭಾಗವನ್ನು ಧ್ವನಿವರ್ಧಕದ ಮುಂದೆಯೇ ಕಳೆಯಿತು. ಯಂತ್ರವು ಅದರ ಅಂಚನ್ನು ಇನ್ನಷ್ಟು ಚೂಪುಗೊಳಿಸಿ, ಅದರ ದೂರಗಾಮಿಯಾದ ಮೈಯನ್ನು ತೆಳ್ಳಗೆ ಮಾಡಿತು. ನಮ್ಮ ಬಳಿ ಇರುವ ಧ್ವನಿಮುದ್ರಣಗಳೆಲ್ಲವೂ ಈ ಯಂತ್ರದ ಮೂಲಕವೇ ಬಂದುವು. ಇಟಲಿಯ ಮೊರೆಸ್ಕಿ ಎಂಬ ಗಾಯಕನು ೧೯೦೨ ಮತ್ತು ೧೯೦೪ರಲ್ಲಿ ಹಾಡಿದ ಮುದ್ರಿಕೆಗಳು ನಪುಂಸಕ ಗಾಯಕರ ಪರಂಪರೆಯ ಏಕಮಾತ್ರ ಪ್ರತ್ಯಕ್ಷ ಸಾಕ್ಷಿಯೆಂದು ಪ್ರಸಿದ್ಧವಾಗಿವೆ. ಆದರೆ ಅವನ್ನು ಕೇಳಿ ಹ್ಯಾಂಡೆಲನ ಕಾಲದ ಮಹಾಗಾಯಕರನ್ನು ಊಹಿಸಲು ಯಾರಿಂದಲೂ ಆಗುವುದಿಲ್ಲ. ಮುದ್ರಿಕೆಯಿದೆ ಎಂಬ ಸಮಾಧಾನವು ಅಪಾಯಕರವಾದುದು.

೬

ಉಡುಪಿಯು ಎರಡು ತಿಟ್ಟುಗಳ ಗಡಿ. ಇಲ್ಲಿಂದ ಬಡಗಕ್ಕೆ ಬಡಗುತಿಟ್ಟು, ತೆಂಕಣ ಕಾಪು ಕಾರ್ಕಳಗಳ ಕಡೆಗೆ ತೆಂಕುತಿಟ್ಟು. ಪೇಟೆಯ ಪ್ರೇಕ್ಷಕನು ಎರಡನ್ನೂ ನೋಡಿ ಬೆಳೆದವನು. ಉಡುಪಿ ಮಣಿಪಾಲಗಳ ವಿದ್ಯಾಸಂಸ್ಥೆಗಳು ಯಕ್ಷಗಾನಕ್ಕೆ ಮಾಡಿದ ಸೇವೆಯೂ ಅಲ್ಪವಲ್ಲ. ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ೧೯೭೧ರಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾಯಿತು. ನೀಲಾವರ ರಾಮಕೃಷ್ಣಯ್ಯನವರಂಥ ಭಾಗವತರು ಅಲ್ಲಿ ಗುರುಗಳಾಗಿ ಬಡಗಿನ ಹಾಡುಗಾರಿಕೆಯನ್ನು ಶಿಷ್ಯರಿಗೆ ಕ್ರಮವಾಗಿ ದಾಟಿಸಿದರು. ೧೯೭೭ರಲ್ಲಿ ಗ್ರಂಥವನ್ನು ಪ್ರಕಟಿಸಿದ ಮಾರ್ತಾ ಆ್ಯಷ್ಟನ್ ಅವರಂಥ ಪರದೇಶದ ವಿದ್ವಾಂಸರೂ ಈ ನೆಲಕ್ಕೆ ಬಂದು ಅಭ್ಯಾಸ ಮಾಡಿದರು. ಇಷ್ಟಾದರೂ ತೆಂಕಿನ ಮಟ್ಟುಗಳ ವಿಷಯವಾಗಿ ಆಗಬೇಕಾದ ಕೆಲಸ ಇನ್ನೂ ಬಹಳವಿದೆ.

ಆ ಕೆಲಸದ ಸ್ವರೂಪವನ್ನು ಹೀಗೆ ಸೂಚಿಸಬಹುದು. ಮೊದಲನೆಯದಾಗಿ, ಆಯ್ದ ಪದ್ಯಗಳ ಮುದ್ರಣಕ್ಕೆ ತೃಪ್ತರಾಗದೆ ಪೂರ್ಣರಾತ್ರಿಯ ಆಟಗಳ ಮುದ್ರಣಗಳನ್ನು ಸಂಗ್ರಹಿಸಿ, ಯಾವ ಪ್ರಸಂಗದ ಯಾವ ಪದ್ಯಕ್ಕೆ ಯಾವ ಮಟ್ಟು ಬಳಕೆಯಾಯಿತೆಂಬ ಸೂಚಿಯನ್ನು ಸಿದ್ಧಪಡಿಸಬೇಕು. ಇತ್ತೀಚೆಗೆ ಕಾಲಮಿತಿಯ ಆಟಗಳು ಹೆಚ್ಚಿವೆ. ಅವುಗಳಲ್ಲಿ ಮೊದಲು ಕತ್ತರಿಗೆ ಸಿಕ್ಕುವುವು ವಿಳಂಬಗತಿಯ ಪದ್ಯಗಳು. ಪದ್ಯವನ್ನು ಬಿಟ್ಟಾಗ ಅದರ ಮಟ್ಟೂ ಬಿಟ್ಟುಹೋಗುತ್ತದೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯದಾಗಿ, ಬಲಿಪ, ಅಗರಿ ಮೊದಲಾದ ಮಾರ್ಗಗಳನ್ನು ಒಂದೇ ಪದ್ಯದ ಮೇಲೆ ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಎಲ್ಲ ಮಾರ್ಗಗಳಿಗೂ ಸಮಾನವಾಗಿರುವ ಅಂಶವು ಹಳೆಯದಾಗಿರುವ ಸಂಭವ ಹೆಚ್ಚು. ಪ್ರತ್ಯೇಕವಾಗಿರುವುದು ವ್ಯಕ್ತಿಯದು ಅಥವಾ ಮನೆತನದ್ದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಪರಿಶೀಲಿಸುವ ವಿಧಾನವೇ ಇದು, ಸಾಹಿತ್ಯವಿಭಾಗಗಳಿಗೆ ಹೊಸದಲ್ಲ. ಮೂರನೆಯದಾಗಿ, ಇವೆಲ್ಲವುಗಳಿಗಿಂತ ಮುಖ್ಯವಾಗಿ, ಆ ಮಾರ್ಗವನ್ನು ಹಾಡಬಲ್ಲವರು ಇರುವಾಗಲೇ ಅವರ ಬಳಿ ಶಿಷ್ಯರನ್ನು ಕೂರಿಸಬೇಕು. ಸೂಚಿಯಿಂದ ಸಂಶೋಧಕನಿಗೆ ತೃಪ್ತಿಯಾದೀತು. ಗದ್ದೆಯ ಅಂಚಿನಲ್ಲಿ ಕುಳಿತವನಿಗೆ ಬೇಕಾದುದು ಕೊರಳು.

ಬಲಿಪ ನಾರಾಯಣ ಭಾಗವತರು ತಮ್ಮ ಹಾಡುಗಾರಿಕೆಯನ್ನು ಕುರಿತು ಸಿದ್ಧಾಂತ ಕಟ್ಟುವ ಗೋಜಿಗೆ ಹೋದವರಲ್ಲ; ಹಾಡಿದರು, ಆಟವನ್ನು ಬೆಳಗಿನವರೆಗೆ ನಡೆಸಿದರು. ಅವರನ್ನು ಪ್ರಾಚೀನತೆಯ ಪೀಠದಲ್ಲಿ ಕುಳ್ಳಿರಿಸಿ ಮಂಗಳಾರತಿ ಮಾಡುವುದು ಸುಲಭ. ಅವರು ಉಳಿಸಿಕೊಂಡು ಬಂದ ಮಟ್ಟುಗಳಲ್ಲಿ ಹತ್ತನ್ನಾದರೂ ಸರಿಯಾಗಿ ಕಲಿತು ಹಾಡುವ ತರುಣನೊಬ್ಬನನ್ನು ಸಿದ್ಧಪಡಿಸುವುದು ಕಷ್ಟ. ನಮ್ಮ ವಿಶ್ವವಿದ್ಯಾಲಯಗಳು ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತವೆಂಬುದರ ಮೇಲೆ, ಮುಂದಿನವರು ಬಲಿಪ ಶೈಲಿಯನ್ನು ಕೇಳಿ ತಿಳಿಯುವರೋ ಅಥವಾ ಲೇಖನಗಳಲ್ಲಿ ಓದಿ ತಿಳಿಯುವರೋ ಎಂಬುದು ನಿಂತಿದೆ.